ಎರಡು ಬೋರ್ಡಿನ ಲಾಕಪ್ಪು

ರೋಮಿನಲ್ಲಿ ಏನೋ ಒಂದಷ್ಟು ಹಳೆಯ ಕಟ್ಟಡಗಳಿವೆಯಂತೆ. ಇರಲಿ ಪಾಪ, ಯಾರು ಬೇಡ ಅಂದರು? ಆದರೆ ನಮ್ಮ ನೆಟ್ಲ್‌ಕೋಟಿನ ಮುಂದೆ ಆ ಮಾತು ಎತ್ತಬೇಡಿ. ಲಂಡನ್ನಿನಿಂದ ಹೊರಟ ರೈಲು ಇನ್ನು ನನ್ನ ಕೈಲಾಗದು ಎಂದು ಸುಸ್ತಾಗಿ ನಿಂತುಬಿಡುವ ಕೊನೆಯ ಸ್ಟೇಷನ್ ನಮ್ಮದು. ಇಳಿದು ನೋಡಿದರೆ ಒಂದೇ ಅಚ್ಚಿನಲ್ಲಿ ಹೊಯ್ದಂಥ ಜೋಡಿಮನೆಗಳು, ಒಂದೇ ಅಳತೆಗೆ ಕತ್ತರಿಸಿದ ಬೇಲಿಗಳು. ಅವುಗಳ ನಡುವೆ ಹೆಜ್ಜೆಹೆಜ್ಜೆಗೂ ಇತಿಹಾಸ ಕಾಲಿಗೆ ತೊಡರುತ್ತದೆ. ತೊಡರದಿದ್ದರೆ ನಾನು ತೊಡರಿಸುತ್ತೇನೆ. ನಾನು ಲಯೊನೆಲ್ ಟಿಬ್ಬಿಟ್, ನೆಟ್ಲ್‌ಕೋಟ್ ಇತಿಹಾಸ ಸಂಘದ ಅಧ್ಯಕ್ಷ. ಪ್ರತಿ ಶನಿವಾರ ನಾನು ನಡೆಸುವ ಪಾರಂಪರಿಕ ನಡಿಗೆಗೆ ಅರ್ಧ ಇಂಗ್ಲೆಂಡು ಬರುತ್ತದೆ. ಉಳಿದರ್ಧ ಬರದಿರುವುದು ಮಳೆಯ ಕಾರಣಕ್ಕೆ.

ನಡಿಗೆಯಲ್ಲಿ ಮೊದಲು ಕೆಂಪು ಅಂಚೆಪೆಟ್ಟಿಗೆ. ಅದರೊಳಗೆ ಬಿದ್ದ ಪ್ರೇಮಪತ್ರಗಳಿಂದ ಸಾಮ್ರಾಜ್ಯಗಳೇ ಅಲುಗಾಡಿವೆ. ಆಮೇಲೆ, ರಾಜನೊಬ್ಬ ಈ ಕಡೆ ಬಂದು, ಅವನಿಗೆ ಕಾಲು ನೋವಾಗಿದ್ದರೆ ಖಂಡಿತ ಕೂತಿರುತ್ತಿದ್ದ ಬೆಂಚು. ಕೊನೆಗೆ ನಮ್ಮ ಕಿರೀಟದ ಮಣಿ: ಕಲ್ಲಿನ ಲಾಕಪ್ಪು. ಪೊಲೀಸರು ಹುಟ್ಟುವ ಮೊದಲು, ಕುಡಿದು ಗಲಾಟೆ ಮಾಡಿದವರನ್ನು ಬೆಳಗಾಗುವವರೆಗೆ ಕೂಡಿಹಾಕಲು ಕಟ್ಟಿದ ಗುಮ್ಮಟದ ಕೋಣೆ. ಹೊರಗಿನವರ ಕಣ್ಣಿಗೆ ಅದು ಕಲ್ಲಿನ ಕೋಳಿಗೂಡಿನಂತೆ ಕಾಣಬಹುದು. ಅದು ಅವರ ಕಣ್ಣಿನ ದೋಷ.

ಕಷ್ಟ ಏನೆಂದರೆ, ಈ ಲಾಕಪ್ಪು ನಿಂತಿರುವುದು ನಮಗೂ ಪಕ್ಕದ ಮಾರ್ಲ್‌ಹೀತಿಗೂ ನಡುವಿನ ಗಡಿಯ ಮೇಲೆ. ಅದು ತಮ್ಮದೆಂದು ಮಾರ್ಲ್‌ಹೀತ್ ಇತಿಹಾಸ ಸಂಘದ ಅಧ್ಯಕ್ಷೆ ಮಿಸೆಸ್ ಮ್ಯೂರಿಯಲ್ ಕ್ರಾಬ್‌ಟ್ರೀ ಅವರ ವಾದ. ಆಕೆಯ ಬಗ್ಗೆ ಕೆಟ್ಟದಾಗಿ ಹೇಳಲಾರೆ. ಆಕೆಯ ಟೋಪಿಯ ಬಗ್ಗೆ ಬೇಕಾದರೆ ಒಂದು ದಿನ ಪೂರ್ತಿ ಹೇಳಬಲ್ಲೆ.

ನಾನು ಲಾಕಪ್ಪಿನ ಬಾಗಿಲಿಗೆ ಒಂದು ಬೋರ್ಡು ಹಾಕಿದ್ದೆ: ‘ನೆಟ್ಲ್‌ಕೋಟ್ ಇತಿಹಾಸ ಸಂಘದ ಅನುಮತಿಯಿಲ್ಲದೆ ಈ ಬಾಗಿಲನ್ನು ದಯವಿಟ್ಟು ಮುಟ್ಟಬಾರದು.’ ಮಾರನೆಯ ವಾರ ಅದರ ಕೆಳಗೆ ಇನ್ನೊಂದು ಬೋರ್ಡು ಮೊಳೆತಿತ್ತು. ಅದೇ ಮಾತು, ಅದೇ ‘ದಯವಿಟ್ಟು’, ಹೆಸರು ಮಾತ್ರ ಮಾರ್ಲ್‌ಹೀತಿನದು. ಅಂದಿನಿಂದ ಆ ಬಾಗಿಲಿನ ಮೇಲೆ ನೊಣ ಕೂಡ ಕೂತಿಲ್ಲ. ನಾವು ಬೋರ್ಡು ಎಂದರೆ ಬೆಲೆ ಕೊಡುವ ಜನ.

ಹೀಗಿರುವಾಗ ಜಿಲ್ಲಾ ಕಚೇರಿಯಿಂದ ಸುದ್ದಿ ಬಂತು: ಲಾಕಪ್ಪಿಗೆ ಹಿತ್ತಾಳೆ ಫಲಕ ಹಾಕುತ್ತಾರೆ, ಅದರಲ್ಲಿ ಯಾವ ಊರಿನ ಹೆಸರಿರಬೇಕೆಂದು ನೋಡಲು ಮಿಸ್ಟರ್ ಗೌವರ್ ಎಂಬ ಅಧಿಕಾರಿ ಬರುತ್ತಾರೆ. ಲಾಕಪ್ಪು ಕೈಬಿಟ್ಟರೆ ನಮಗೆ ಉಳಿಯುವುದು ಒಂದು ಪೆಟ್ಟಿಗೆ, ಒಂದು ಬೆಂಚು. ಅಷ್ಟಕ್ಕೆ ನಡಿಗೆ ಯಾಕೆ, ನಿಂತಲ್ಲೇ ಕತ್ತು ತಿರುಗಿಸಿದರೆ ಸಾಕು. ಸಂಘ ಮುಚ್ಚಬೇಕಾಗುತ್ತದೆ. ಅಧ್ಯಕ್ಷನಲ್ಲದ ಲಯೊನೆಲ್ ಟಿಬ್ಬಿಟ್ ಎಂದರೆ ಯಾರು? ಡೋರೀನಳ ಗಂಡ, ಅಷ್ಟೆ.

ಆ ಶನಿವಾರ ಎರಡೂ ಊರಿನವರು ಕೊಡೆ ಹಿಡಿದು ನೆರೆದರು. ಸಮುದ್ರದಂಥ ಜನಸಾಗರ. (ಎಲ್ಲರಿಗೂ ಬಸ್ ತಂಗುದಾಣದ ಸೂರಿನಡಿ ಜಾಗ ಸಾಕಾಯಿತು ಎಂದು ಡೋರೀನ್ ಹೇಳುತ್ತಾಳೆ. ನಮ್ಮ ಬಸ್ ತಂಗುದಾಣ ಬಹಳ ದೊಡ್ಡದು.) ಮಿಸ್ಟರ್ ಗೌವರ್ ತೆಳ್ಳಗೆ, ಉದ್ದಕ್ಕೆ, ಮಡಚಿದ ಕೊಡೆಯಂತಿದ್ದರು.

“ಹೆಸರಿನ ಮಾತು ಆಮೇಲೆ ನೋಡೋಣ,” ಎಂದರು ಅವರು. “ಫಲಕದ ಮೇಲೆ ಬರೆಯೋಕೆ ಏನಾದ್ರೂ ಬೇಕಲ್ಲ? ಇದರೊಳಗೆ ಯಾರಾದ್ರೂ ಕೈದಿ ಇದ್ದ ಅನ್ನೋದಕ್ಕೆ ಸಾಕ್ಷಿ ಇದೆಯಾ?”

“ಇದೆಯಾ ಅಂತೀರಾ!” ಎಂದೆ. “ದೇಶದ ಅತಿ ಭಯಂಕರ ದಾರಿಗಳ್ಳರೆಲ್ಲ ಇಲ್ಲೇ ಇದ್ದಿದ್ದು. ಒಳಗೆ ಗೋಡೆ ಮೇಲೆ ಉಗುರಲ್ಲಿ ಹೆಸರು ಕೆತ್ತಿದಾರೆ.”

“ಅದು ಪಾರಿವಾಳದ ಗುರುತು, ಮಿಸ್ಟರ್ ಟಿಬ್ಬಿಟ್,” ಎಂದರು ಮಿಸೆಸ್ ಕ್ರಾಬ್‌ಟ್ರೀ.

“ಹಾಗಾದ್ರೆ ಓದು ಬರಹ ಬಲ್ಲ ಪಾರಿವಾಳ ಇರಬೇಕು, ಮಿಸೆಸ್ ಕ್ರಾಬ್‌ಟ್ರೀ.”

ನೋಡಿಯೇ ಬಿಡೋಣ ಎಂದಾಯಿತು. ಆದರೆ ಬಾಗಿಲು ತೆಗೆಯುವವರು ಯಾರು? ನಾನು ತೆಗೆದರೆ ಲಾಕಪ್ಪು ನನ್ನದು, ಆಕೆ ತೆಗೆದರೆ ಆಕೆಯದು. ಕೊನೆಗೆ ಇಬ್ಬರೂ ಒಂದೊಂದು ಕೈ ಹಾಕಿ ಒಟ್ಟಿಗೆ ಚಿಲಕ ಎತ್ತಿದೆವು. ಬಾಗಿಲಲ್ಲಿ “ನೀವು ಮೊದಲು”, “ಛೇ ಛೇ, ನೀವು ಮೊದಲು” ಎಂದು ಬಹಳ ಹೊತ್ತು ಮರ್ಯಾದೆ ನಡೆದು, ಇಬ್ಬರೂ ಒಮ್ಮೆಗೇ ನುಗ್ಗಿದೆವು. ಮೂರನೆಯವರಿಗೆ ಜಾಗವಿರಲಿಲ್ಲ. ಆಕೆಯ ಟೋಪಿಗೇ ಜಾಗವಿರಲಿಲ್ಲ.

ಆಗ ಗಾಳಿ ಬೀಸಿತು. ಬಾಗಿಲು ಧಡಾರ್ ಎಂದು ಮುಚ್ಚಿ, ಹೊರಗೆ ಚಿಲಕ ತಾನಾಗಿ ಬಿತ್ತು. ಜೈಲು ಕಟ್ಟಿದವನು ಒಳಗಡೆಗೆ ಹಿಡಿ ಇಡುವಷ್ಟು ದಡ್ಡನಲ್ಲ.

“ಗಾಬರಿ ಬೇಡ,” ಎಂದು ಬಾಗಿಲಿನ ಸರಳುಗಂಡಿಯಿಂದ ಕೂಗಿದೆ. “ಮಿಸ್ಟರ್ ಗೌವರ್, ಸ್ವಲ್ಪ ಚಿಲಕ ಎತ್ತಿ.”

ಅವರು ಹತ್ತಿರ ಬಂದರು, ಕನ್ನಡಕ ಹಾಕಿಕೊಂಡರು, ಎರಡೂ ಬೋರ್ಡು ಓದಿದರು, ಕೈ ಹಿಂದಕ್ಕೆ ಕಟ್ಟಿಕೊಂಡರು.

“ಎರಡೂ ಸಂಘದ ಅನುಮತಿ ಬೇಕಾಗುತ್ತೆ,” ಎಂದರು.

“ಅದು ಬರೀ ಬೋರ್ಡು ಕಣ್ರೀ!”

“ಬೋರ್ಡು ಮಾಡಿಸೋದೇ ನನ್ನ ಉದ್ಯೋಗ, ಮಿಸ್ಟರ್ ಟಿಬ್ಬಿಟ್. ನಾನೇ ಬೋರ್ಡು ಮೀರಿದ್ರೆ ದೇಶ ಉಳಿಯುತ್ತಾ?”

ಎರಡೂ ಊರಿನ ಜನ ಹೌದು ಹೌದು ಎಂದು ತಲೆಯಾಡಿಸಿದರು.

ನಾನು ನನ್ನ ಅನುಮತಿ ಕೊಡಬಹುದಿತ್ತು. ಆದರೆ ಆಕೆಯ ಅನುಮತಿಯೂ ಬೇಕೆಂದು ಒಪ್ಪಿದರೆ ಆಕೆಯ ಬೋರ್ಡಿಗೆ ಬೆಲೆ ಕೊಟ್ಟಂತೆ. “ನೀವು ನಿಮ್ಮ ಬೋರ್ಡು ವಾಪಸ್ ತಗೊಳ್ಳಿ, ಈಗಲೇ ಇಬ್ಬರಿಗೂ ಬಿಡುಗಡೆ,” ಎಂದೆ. ಆಕೆ ಅದೇ ಮಾತನ್ನು ನನಗೆ ಹೇಳಿದರು. ಮೊದಲು ಬೋರ್ಡು ಇಳಿಸಿದವರ ಊರು ಲಾಕಪ್ಪು ಕಳೆದುಕೊಂಡಂತೆ. ಮಿಸ್ಟರ್ ಗೌವರ್ ಅದನ್ನೇ ಗಟ್ಟಿಯಾಗಿ ಹೇಳಿ, ಹೊರಗೆ ಕಾದು ನಿಂತರು.

ಇಂಥ ಹೊತ್ತಿನಲ್ಲಿ ನಮ್ಮ ಜನ ಮಾಡುವುದು ಒಂದೇ. ಚಹಾ ಮಾಡಿದರು.

ನಮ್ಮ ಊರಿನವರ ಫ್ಲಾಸ್ಕಿನಿಂದ ಸರಳುಗಂಡಿಯೊಳಗೆ ಎರಡು ಕಪ್ಪು ಬಂತು. ಮಾರ್ಲ್‌ಹೀತಿನವರು ಸುಮ್ಮನಿರುತ್ತಾರೆಯೇ? ಅವರ ಫ್ಲಾಸ್ಕಿನಿಂದಲೂ ಬಂತು, ಜೊತೆಗೆ ಬಿಸ್ಕತ್ತು. ಕೊಟ್ಟ ಚಹಾ ಬೇಡ ಎನ್ನುವಷ್ಟು ಕೀಳುಮಟ್ಟಕ್ಕೆ ನಾನಾಗಲೀ ಆಕೆಯಾಗಲೀ ಇಳಿದವರಲ್ಲ. ಕುಡಿದೆವು. ಇನ್ನೂ ಬಂತು. ಕುಡಿದೆವು. ಥೇಮ್ಸ್ ನದಿಗೆ ಹಾಲು ಬೆರೆಸಿ ನಮ್ಮ ಗಂಟಲಿಗೆ ತಿರುಗಿಸಿದಂತಿತ್ತು.

ಸರಳುಗಂಡಿಯಲ್ಲಿ ಡೋರೀನಳ ಮುಖ ಕಂಡಿತು.

“ಲಯೊನೆಲ್, ಚೆನ್ನಾಗಿದೀಯಾ?”

“ಊರಿಗಾಗಿ ಸೆರೆಮನೆ ಸೇರಿದೀನಿ ಡೋರೀನ್. ನನ್ನ ಚಿಂತೆ ಬಿಡು.”

“ಚಿಂತೆ ಯಾರು ಮಾಡ್ತಾರೆ? ಮದುವೆ ಆದಾಗಿಂದ ನಿನ್ನ ಬಾಯಿಗೆ ಬೀಗ ಹಾಕೋಕೆ ನನ್ನ ಕೈಲಾಗ್ಲಿಲ್ಲ, ಒಂದು ಗಾಳಿ ಬಂದು ನಿನಗೇ ಬೀಗ ಹಾಕ್ತಲ್ಲ ಅಂತ ನೋಡ್ತಿದೀನಿ. ತಗೋ, ಇನ್ನೊಂದು ಕಪ್ಪು.”

ಅಲ್ಲಿಂದ ಶುರುವಾಯಿತು ನೋಡಿ ನಿಜವಾದ ಯುದ್ಧ. ಚಹಾ ಒಳಗೆ ಹೋದಮೇಲೆ ಹೊರಗೆ ಬರಲೇಬೇಕು. ನಾನು ಬಲಗಾಲಿನ ಮೇಲೆ ಎಡಗಾಲು ಸುತ್ತಿ ಸಹಜವಾಗಿ ಹವೆಯ ಬಗ್ಗೆ ಮಾತೆತ್ತಿದೆ.

“ಮಳೆ ಜೋರಾಯ್ತು,” ಎಂದೆ.

“ಹೌದು,” ಎಂದರು ಮಿಸೆಸ್ ಕ್ರಾಬ್‌ಟ್ರೀ ತಣ್ಣಗೆ. “ಸೂರಿನಿಂದ ನೀರು ಹೇಗೆ ಸಣ್ಣಗೆ, ಬಿಡದೆ, ಸುರೀತಾ ಇದೆ ಕೇಳಿ. ಸುರ್‌ರ್ ಅಂತ.”

“ಆ ಮಾತು ಬಿಡಿ.”

“ಮಾರ್ಲ್‌ಹೀತಿನ ಕಾರಂಜಿಯೂ ಹೀಗೇ ಸದ್ದು ಮಾಡುತ್ತೆ. ನೀವು ನೋಡಿದೀರಾ?”

ಆಕೆಯೂ ಅಷ್ಟೇ ಕುಡಿದಿದ್ದರು. ಆದರೆ ಆ ಹೆಂಗಸು ಒಂಟೆ. ಟೋಪಿಯ ಗರಿ ಕೂಡ ಅಲುಗಲಿಲ್ಲ. ಮೆಲ್ಲಗೆ ಕೈಚೀಲ ತೆರೆದು ಒಂದು ಬೀಗದ ಕೈ ತೆಗೆದು ನನ್ನ ಮೂಗಿನ ಮುಂದೆ ಹಿಡಿದರು.

“ನಿಮ್ಮ ಊರಿನ ಸಾರ್ವಜನಿಕ ಶೌಚಾಲಯ ಮುಚ್ಚಿ ವರ್ಷಗಳಾಯ್ತು ಅಲ್ವಾ? ಪಾಪ. ಮಾರ್ಲ್‌ಹೀತ್ ಗ್ರಂಥಾಲಯದ್ದು ಇಲ್ಲೇ, ಮೂಲೆ ತಿರುಗಿದ್ರೆ ಸಿಗುತ್ತೆ. ಶನಿವಾರ ಬೀಗದ ಕೈ ನನ್ನ ಹತ್ತಿರ ಇರುತ್ತೆ.”

ಮಹಾವೀರರೆಲ್ಲ ಕತ್ತಿಗೆ ಸೋತಿಲ್ಲ, ಬಾಣಕ್ಕೆ ಸೋತಿಲ್ಲ. ಇಂಥದಕ್ಕೇ ಸೋತಿರುತ್ತಾರೆ, ಬರೆಯುವವರು ಮುಚ್ಚಿಡುತ್ತಾರೆ. ನಾನು ಸರಳು ಹಿಡಿದು ಸಿಂಹದಂತೆ ಗರ್ಜಿಸಿದೆ: “ನನ್ನ ಬೋರ್ಡು ಕಿತ್ತುಹಾಕಿ! ಬಾಗಿಲು ತೆಗೀರಿ!” (ಸಿಂಹ ಅಲ್ಲ, ಕೆಟಲ್ ಶಿಳ್ಳೆ ಹೊಡೆದಂತಿತ್ತು ಎಂದು ಡೋರೀನ್.) ಮಿಸೆಸ್ ಕ್ರಾಬ್‌ಟ್ರೀ ರಾಣಿಯಂತೆ “ಅನುಮತಿ ಇದೆ” ಎಂದರು. ಚಿಲಕ ಎದ್ದಿತು. ಬೀಗದ ಕೈ ಕಸಿದುಕೊಂಡು ನಾನು ಮೂಲೆ ತಿರುಗಿದ ವೇಗಕ್ಕೆ ಜೋಡಿಮನೆಗಳ ಗಾಜುಗಳೆಲ್ಲ ನಡುಗಿದವು. ಹಿಂದೆಯೇ ಆಕೆಯೂ ಓಡಿಬಂದರು. ಒಂಟೆಗೂ ಒಂದು ಮಿತಿ ಇರುತ್ತದೆ.

ಹಿಂತಿರುಗುವ ಹೊತ್ತಿಗೆ ನನ್ನ ಬೋರ್ಡು ನೆಲದ ಮೇಲಿತ್ತು. ಲಾಕಪ್ಪು ಮಾರ್ಲ್‌ಹೀತಿನದಾಗಿತ್ತು. ನಮ್ಮ ಊರಿನವರು ನನ್ನನ್ನು ನೋಡದೆ ಕೊಡೆಯ ನೀರು ಕೊಡವುತ್ತಿದ್ದರು.

ಮಿಸ್ಟರ್ ಗೌವರ್ ಮಾತ್ರ ಕಣ್ಣರಳಿಸಿಕೊಂಡು ಗೀಚುತ್ತಿದ್ದರು. “ಬಹಳ ಸಂತೋಷ! ಇಷ್ಟು ವರ್ಷಕ್ಕೆ ಸಾಕ್ಷಿ ಸಮೇತ ಇಬ್ಬರು ಕೈದಿಗಳು ಸಿಕ್ಕಿದ್ರು. ಎರಡು ಊರಿನ ಜನ ಕಣ್ಣಾರೆ ನೋಡಿದಾರೆ. ಫಲಕಕ್ಕೆ ಇದಕ್ಕಿಂತ ಏನು ಬೇಕು?”

“ನನ್ನ ಹೆಸರು ಮೊದಲು ಬರಬೇಕು,” ಎಂದರು ಮಿಸೆಸ್ ಕ್ರಾಬ್‌ಟ್ರೀ. “ಗೆದ್ದಿದ್ದು ನಾನು.”

“ಬಿಡುಗಡೆ ಕೇಳಿದ ಕ್ರಮದಲ್ಲಿ ಬರೀತೀನಿ ಮೇಡಂ. ಮೊದಲು ಕೂಗಿದ್ದು ಮಿಸ್ಟರ್ ಟಿಬ್ಬಿಟ್. ಅಪರಾಧ ಏನಂತ ಹಾಕಲಿ?”

“ಅತಿಯಾದ ಮಾತು,” ಎಂದಳು ಡೋರೀನ್, ಯಾರೂ ಕೇಳದಿದ್ದರೂ.

ಹಾಗೆಯೇ ಹಿತ್ತಾಳೆಯಲ್ಲಿ ಕೆತ್ತಿದ್ದಾರೆ: ‘ಮಾರ್ಲ್‌ಹೀತಿನ ಲಾಕಪ್ಪು. ಸಾಕ್ಷಿ ಸಿಕ್ಕಿರುವ ಕೈದಿಗಳು: ನೆಟ್ಲ್‌ಕೋಟಿನ ಲಯೊನೆಲ್ ಟಿಬ್ಬಿಟ್, ಮಾರ್ಲ್‌ಹೀತಿನ ಮ್ಯೂರಿಯಲ್ ಕ್ರಾಬ್‌ಟ್ರೀ. ಅಪರಾಧ: ಅತಿಯಾದ ಮಾತು.’ ಖಾಲಿ ಪಂಜರ ಅವರಿಗಿರಲಿ, ಹುಲಿ ನಮ್ಮದು! ಈಗ ನಮ್ಮ ಶನಿವಾರದ ನಡಿಗೆ ಅಂಚೆಪೆಟ್ಟಿಗೆ, ಬೆಂಚು ಮುಗಿಸಿಕೊಂಡು ನೇರ ನಮ್ಮ ಮನೆಯ ನಡುಮನೆಗೆ ಬರುತ್ತದೆ. ಅಲ್ಲಿ ನಾನು ಕುರ್ಚಿಯಲ್ಲಿ ಪಾರಂಪರಿಕವಾಗಿ ಕೂತಿರುತ್ತೇನೆ. ಜನ ಮಾರುದ್ದ ದೂರದಲ್ಲಿ ಸಾಲಾಗಿ ನಿಂತು ನೋಡುತ್ತಾರೆ. ಎಷ್ಟೆಷ್ಟು ದೂರದಿಂದ ಜನ ಬರುತ್ತಾರೆಂದರೆ ನಂಬಲಾರಿರಿ. ಎದುರುಮನೆಯವರು ಎರಡು ಸಲ ಬಂದಿದ್ದಾರೆ.

ಕಿತ್ತ ಬೋರ್ಡನ್ನು ಡೋರೀನ್ ಎತ್ತಿಕೊಂಡು ಬಂದಿದ್ದಳು. ಸಂಘದ ಹೆಸರು ಹೊಡೆದುಹಾಕಿ ತನ್ನ ಹೆಸರು ಬರೆದು, ಅದನ್ನು ಬಿಸ್ಕತ್ತಿನ ಡಬ್ಬಿಗೆ ಕಟ್ಟಿದ್ದಾಳೆ. ಡಬ್ಬಿ ನನ್ನ ಮೊಣಕೈ ಪಕ್ಕದಲ್ಲೇ ಇದೆ. ಅಡುಗೆಮನೆಯಲ್ಲಿರುವ ಅವಳಿಗೆ ಕೇಳಿಸುವಂತೆ ಇವತ್ತೂ ಎರಡು ಸಲ ಅನುಮತಿ ಕೇಳಿದ್ದೇನೆ.