ಸೊಂಟ ಸಣ್ಣಗಾಗುತ್ತಿದ್ದ ಗೊಂಬೆ

ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಹೊಲಿಗೆ ಅಂಗಡಿ. ಅಲ್ಲೊಂದು ಗೊಂಬೆ ಇದೆ. ತಲೆ ಇಲ್ಲ, ಕೈ ಇಲ್ಲ, ಬರೀ ಮುಂಡ. ಸೊಂಟದ ಪಕ್ಕ ಒಂದು ತಿರುಪು. ಈ ಕಡೆ ತಿರುಗಿಸಿದರೆ ಸೊಂಟ ಅಗಲ, ಆ ಕಡೆ ತಿರುಗಿಸಿದರೆ ಸಣ್ಣ. ಹೊಲಿದ ಬಟ್ಟೆಯನ್ನು ಅದಕ್ಕೆ ತೊಡಿಸಿ ನೋಡುವುದು ನಮ್ಮ ಅತ್ತಿಗೆಯ ಕೆಲಸ, ಗುಂಡಿ ಹಚ್ಚುವುದು ನನ್ನದು.

ಅತ್ತಿಗೆಗೆ ಸಕ್ಕರೆ ಕಾಯಿಲೆ. ಮಂಡಿ ನೋವು ಬೇರೆ. ತೂಕ ಇಳಿಸಿ ಅಂತ ಡಾಕ್ಟರು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ನಮ್ಮ ಅತ್ತಿಗೆ ಅರ್ಧ ಮಾತು ಕೇಳಿ ಎದ್ದು ಬರುವವರ ಪೈಕಿ. ಮೊಬೈಲಿನಲ್ಲಿ ಯಾವನೋ ಒಬ್ಬ ‘ಅನ್ನ ಬಿಡಿ, ಬೆಣ್ಣೆ ಹಾಗೆ ಕರಗ್ತೀರಿ’ ಅಂದನಂತೆ. ಮಾರನೆಯ ದಿನದಿಂದಲೇ ಅನ್ನ, ಬ್ರೆಡ್ಡು, ಹಣ್ಣು ಎಲ್ಲ ಬಂದ್. ಬೆಳಗಿನ ತಿಂಡಿಯೂ ಇಲ್ಲ. ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ಮೊದಲಿನಷ್ಟೇ.

“ಡಾಕ್ಟರನ್ನ ಒಂದು ಮಾತು ಕೇಳಿ ಅತ್ತಿಗೆ,” ಅಂದೆ.

“ಊಟ ಬಿಡೋಕೂ ಡಾಕ್ಟರ್ ಚೀಟಿ ಬೇಕೇನೇ? ನಿನಗೆ ಹೊಟ್ಟೆಕಿಚ್ಚು,” ಅಂತ ನಕ್ಕರು.

ಆಮೇಲೆ ಶುರುವಾಯಿತು ಗೊಂಬೆಯ ಕಾಟ. ಒಂದು ದಿನ ನೋಡುತ್ತೇನೆ, ಹಿಂದಿನ ದಿನ ಸರಿಯಾಗಿ ಕೂತಿದ್ದ ಗಿರಾಕಿಯ ಬಟ್ಟೆ ಗೊಂಬೆಯ ಮೇಲೆ ಜೋಲಾಡುತ್ತಿದೆ. ಅದರ ಸೊಂಟ ಸಣ್ಣಗಾಗಿತ್ತು. ತಿರುಪು ತಿರುಗಿಸಿ ಸರಿ ಮಾಡಿದೆ. ಮರುದಿನ ಮತ್ತೆ ಅದೇ ಕಥೆ, ಇನ್ನಷ್ಟು ಸಣ್ಣ.

“ತಿರುಪು ಯಾಕೆ ಮುಟ್ಟಿದ್ರಿ ಅತ್ತಿಗೆ?”

“ನಾನ್ಯಾಕೆ ಮುಟ್ಟಲಿ? ತಮಾಷೆ ಮಾಡ್ತಿರೋಳು ನೀನೇ!”

ಸುಳ್ಳು ಹೇಳುವವರ ಮುಖವಲ್ಲ ಅದು. ಹಗಲೆಲ್ಲ ಮನೆಯಲ್ಲಿ ಇರುವವರು ನಾವಿಬ್ಬರೇ. ಅಣ್ಣನಿಗೆ ಹೇಳಿದರೆ, “ಗೊಂಬೆಗೂ ಡಯಟ್ ಹುಚ್ಚು ಹಿಡಿದಿರಬೇಕು ಬಿಡು,” ಅಂದ. ನನಗೆ ನಗು ಬರಲಿಲ್ಲ. ಅವತ್ತಿನಿಂದ ಆ ಗೊಂಬೆಗೆ ಬೆನ್ನು ಹಾಕಿ ಕೂರಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಳಗೆ ದಾರ ತರಲು ಹೋಗಿದ್ದೆ. ಹೊಲಿಗೆ ಮಿಷನ್ನಿನ ಸದ್ದು ನಿಂತಿತು. ಬದಲಿಗೆ ಬೇರೆ ಸದ್ದು. ಕಿರ್ರ್... ಕಿರ್ರ್... ಮೆಲ್ಲಗೆ ಬಂದು ಇಣುಕಿದೆ. ಅತ್ತಿಗೆ ಗೊಂಬೆಯ ಮುಂದೆ ನಿಂತು ತಿರುಪು ತಿರುಗಿಸುತ್ತಿದ್ದರು. ಅದು ಕೊನೆ ಮುಟ್ಟಿದ್ದರೂ ಬಿಡುತ್ತಿಲ್ಲ. ಫ್ಯಾನು ಓಡುತ್ತಿದ್ದರೂ ಮೈಯೆಲ್ಲ ಬೆವರು. “ಇನ್ನೂ ಸ್ವಲ್ಪ... ಇನ್ನೂ ಸ್ವಲ್ಪ...” ಎನ್ನುತ್ತಿದ್ದರು. ಪರ್‍ರ್ ಎಂದು ತಿರುಪಿಗೆ ಸಿಕ್ಕಿ ಗೊಂಬೆಯ ಹೊಟ್ಟೆಯ ಬಟ್ಟೆ ಹರಿಯಿತು.

“ಅತ್ತಿಗೆ!”

ತಿರುಗಿದರು. ಕಣ್ಣು ನನ್ನ ಮೇಲೇ ಇತ್ತು, ಆದರೆ ನಾನು ಕಾಣುತ್ತಿರಲಿಲ್ಲ.

“ಯಾರಮ್ಮ ನೀನು? ಬಟ್ಟೆ ಇನ್ನೂ ಆಗಿಲ್ಲ. ನಾಳೆ ಬಾ.”

ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡ ನನ್ನನ್ನು ಯಾರು ಅಂತ ಕೇಳುವುದೇ! “ಏನೋ ಮೆಟ್ಟಿಕೊಂಡಿದೆ!” ಎಂದು ಕಿರುಚಿದೆ.

ಬಟ್ಟೆ ತಗೊಳ್ಳಲು ಬಂದಿದ್ದ ನರ್ಸಮ್ಮ ಬಾಗಿಲಲ್ಲೇ ಕೇಳಿಸಿಕೊಂಡರು. ಒಳಗೆ ಬಂದು ಅತ್ತಿಗೆಯ ಕೈ ಮುಟ್ಟಿದರು. “ಏನೂ ಮೆಟ್ಟಿಕೊಂಡಿಲ್ಲ. ಏನಾದ್ರೂ ತಿಂದಿದಾರಾ?”

“ಬೆಳಗ್ಗೆಯಿಂದ ಏನೂ ಇಲ್ಲ.”

“ಶುಗರ್ ಮಾತ್ರೆ?”

“ಅದು ಮಾತ್ರ ತಗೊಂಡಿದಾರೆ.”

“ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ. ಸಕ್ಕರೆ ನೀರು ತನ್ನಿ, ಓಡಿ!”

ನುಂಗಲು ಆಗುತ್ತದೆ ಎಂದು ನೋಡಿಕೊಂಡೇ ಗುಟುಕು ಗುಟುಕಾಗಿ ಕುಡಿಸಿದರು. ಸ್ವಲ್ಪ ಹೊತ್ತಿಗೆ ಅತ್ತಿಗೆಯ ಕಣ್ಣಿಗೆ ನಾನು ಕಂಡೆ. “ಅಂಗೈ ಯಾಕೇ ಉರೀತಿದೆ? ಅಯ್ಯೋ, ಗೊಂಬೆ ಹರಿದವರು ಯಾರು?” ಅಂದರು. ನಾನು ಅವರನ್ನು ಹಿಡಿದು ಗೊಳೋ ಎಂದು ಅತ್ತುಬಿಟ್ಟೆ.

ಇಷ್ಟಕ್ಕೇ ಬಿಡಬಾರದು, ಸಕ್ಕರೆ ಮತ್ತೆ ಇಳಿಯಬಹುದು ಎಂದು ನರ್ಸಮ್ಮ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಸಕ್ಕರೆ ಇಳಿದಾಗ ಮಾಡಿದ್ದು ನೆನಪಿರುವುದಿಲ್ಲ, ಹಿಂದಿನ ದಿನಗಳಲ್ಲೂ ತಿರುಪು ತಿರುಗಿಸಿದ್ದು ಇವರೇ ಇರಬೇಕು ಎಂದು ಹೇಳಿ ಡಾಕ್ಟರು ಮಾತ್ರೆ ಕಮ್ಮಿ ಮಾಡಿದರು. ಅತ್ತಿಗೆಯ ಹಟ ಮಾತ್ರ ಇನ್ನೂ ಇಳಿದಿರಲಿಲ್ಲ.

“ಹಾಗಾದ್ರೆ ಅನ್ನ ಕಮ್ಮಿ ಮಾಡೋದೇ ತಪ್ಪಾ?”

“ಕಮ್ಮಿ ಮಾಡೋದು ತಪ್ಪಲ್ಲ,” ಅಂದರು ನರ್ಸಮ್ಮ. “ಮಾತ್ರೆ ಹಾಗೇ ನುಂಗ್ತಾ, ಯಾರಿಗೂ ಹೇಳದೆ, ಒಂದೇ ಸಲ ಎಲ್ಲ ಬಿಟ್ರಲ್ಲ, ಅದು ತಪ್ಪು. ಅರ್ಧ ತಟ್ಟೆ ತರಕಾರಿ, ಕಾಲು ತಟ್ಟೆ ಬೇಳೆನೋ ಮೊಟ್ಟೆನೋ, ಉಳಿದ ಕಾಲು ಅನ್ನ. ಸಿಹಿ ಪಾನೀಯ, ಕರಿದದ್ದು ದೂರ ಇಡಿ. ದಿನಾ ನಡೀರಿ. ತೂಕ ನಿಧಾನಕ್ಕೆ ಇಳೀಲಿ.”

“ನಿಧಾನ ಯಾಕೆ?”

“ನೀವು ಹೊಲಿಗೆ ಬಿಚ್ಚೋವಾಗ ಬಟ್ಟೆ ಹಿಡಿದು ಎಳೀತೀರಾ?”

“ಅಯ್ಯೋ, ಹರಿದೇ ಹೋಗುತ್ತೆ! ಒಂದೊಂದೇ ಬಿಚ್ಚಬೇಕು,” ಅಂದವರು ತಟ್ಟನೆ ತಮ್ಮ ಅಂಗೈ ನೋಡಿಕೊಂಡರು.

ಈಗ ಅತ್ತಿಗೆಯ ತೂಕ ನಿಧಾನಕ್ಕೆ ಇಳಿಯುತ್ತಿದೆ. ಮಂಡಿ ನೋವೂ ಎಷ್ಟೋ ವಾಸಿ. ಗೊಂಬೆಯ ಹೊಟ್ಟೆಗೆ ತೇಪೆ ಹಾಕಿದ್ದೇವೆ. ಆದರೂ ದಿನಾ ಬೆಳಗ್ಗೆ ತಿಂಡಿಯ ತಟ್ಟೆ ಹಿಡಿದು, “ತಿರುಪು ಹಾಗೇ ಇದೆಯೇನೇ, ನೋಡು,” ಅಂತ ಕೇಳುತ್ತಾರೆ. ಅವರಿಗೆ ಭಯ ಗೊಂಬೆಯದ್ದಲ್ಲ, ತಮ್ಮ ಕೈಯದ್ದೇ.

ನಮ್ಮನ್ನು ಎಚ್ಚರಿಸಲು ಒಂದು ಗೊಂಬೆಯಾದರೂ ಇತ್ತು. ನಿಮ್ಮ ಮನೆಯಲ್ಲಿ ಇರಲಿಕ್ಕಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆಯೋ ಇನ್ಸುಲಿನ್ನೋ ತಗೊಳ್ಳುವವರು ಊಟ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ. ಅವರಲ್ಲಿ ಬೆವರು, ನಡುಕ, ತೊದಲು ಮಾತು ಕಂಡರೆ ಕೂಡಲೇ ಸಿಹಿ ಕೊಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಓಡಿ. ನಿಮ್ಮವರು ನಿಮ್ಮನ್ನೇ ನೋಡಿ “ಯಾರು ನೀನು?” ಅಂತ ಕೇಳುವ ದಿನದವರೆಗೆ ದಯವಿಟ್ಟು ಕಾಯಬೇಡಿ.