ಎರಡನೇ ಪುಟ

"ನೀವು ಫೋನ್ ಮಾಡಿದ್ರಿ, ಅವರು ಎತ್ಲಿಲ್ಲ. ಯಾರು ಕೇಳಿದ್ರೂ ಇಷ್ಟೇ ಮಾತು. ಆ ಮನೆಯವರಿಗೂ ಹಾಗೇ ಹೇಳಿ ಕಳಿಸಿದ್ದೀನಿ," ಎಂದು ಮ್ಯಾನೇಜರ್ ವಗ್ದಿ ಸಾಹೇಬರು ಬಾಗಿಲು ಮುಂದೆ ಮಾಡಿ ತಗ್ಗಿದ ದನಿಯಲ್ಲಿ ಹೇಳಿದರು. ಇಂತಿಸಾರ್ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

"ಎರಡನೇ ಪುಟ?"

"ನಾಳೆ ಜೋಡಿಸ್ತಾರಂತೆ. ಅಲ್ಲೀವರೆಗೆ ರಿಪೇರಿ ಇಲ್ಲ."

ಈಜಿಪ್ಟಿನ ದಮಿಯಾತ್ ಪಟ್ಟಣದಲ್ಲಿ ರಿಪೇರಿಗಾಗಿ ಯಾವ ಬೀದಿಯ ಕರೆಂಟ್ ಯಾವಾಗ ತೆಗೆಯಬೇಕೆಂದು ಆಜ್ಞೆ ಕಳಿಸುವುದು ಇಂತಿಸಾರಳ ಕೆಲಸ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳನ್ನು ನೋಡುತ್ತಲೇ ಅವಳ ಕೂದಲು ನೆರೆತಿತ್ತು. ಹೋದ ತಿಂಗಳು ಅದೇ ಹಳೆಯ ವ್ಯವಸ್ಥೆಯನ್ನು ಬ್ರೌಸರಿನಲ್ಲಿ ತೆರೆಯುವಂತೆ ಮಾಡಿದರು. ಒಳಗಿರುವುದೆಲ್ಲ ಹಿಂದಿನದೇ, ಮೇಲೆ ಮಾತ್ರ ಬಿಳಿ ಪುಟ, ನೀಲಿ ಗುಂಡಿ. "ಏನಾದ್ರೂ ಬಿಟ್ಟುಹೋಗಿದ್ಯಾ ಮೇಡಂ?" ಎಂದು ಕೈರೋದಿಂದ ಬಂದಿದ್ದ ಇಂಜಿನಿಯರ್ ಕೇಳಿದಾಗ, ಒಂದು ಬೀದಿಯನ್ನಷ್ಟೇ ತೆರೆದು ನೋಡಿ, "ಏನೂ ಇಲ್ಲಪ್ಪ. ನಿನ್ನ ಕೈಗೆ ಒಳ್ಳೇದಾಗ್ಲಿ, ನನ್ನ ಕಣ್ಣು ಉಳಿಸಿದೆ," ಎಂದಿದ್ದಳು. ಆ ಬೀದಿಯಲ್ಲಿ ರೋಗಿಗಳಿರಲಿಲ್ಲ.

ಹಳೆಯ ಪರದೆಯಲ್ಲಿ, ಯಂತ್ರದ ಆಸರೆಯಿಂದ ಉಸಿರಾಡುವವರ ಮನೆಗಳು ಎರಡನೇ ಪುಟದಲ್ಲಿ ಬರುತ್ತಿದ್ದವು. ಕರೆಂಟ್ ತೆಗೆಯುವ ಮುಂಚೆ ಅವರಿಗೆ ಫೋನ್ ಮಾಡಬೇಕು. ಬಡಗಿ ಶಿನ್ನಾವಿ ಅಜ್ಜನದು ಅಂಥದೊಂದು ಮನೆ. ಜೀವಮಾನವಿಡೀ ಮರದ ಧೂಳು ಕುಡಿದು ಅವರ ಪುಪ್ಪುಸ ಹಾಳಾಗಿತ್ತು.

"ಏನಮ್ಮಾ, ಇವತ್ತೆಷ್ಟೊತ್ತು ನನ್ನ ಉಸಿರು ಕಟ್ಟಿಸ್ತೀಯಾ?" ಎಂದು ಅಜ್ಜ ಪ್ರತಿ ಸಲವೂ ಕೇಳುತ್ತಿದ್ದರು.

"ಮೊದಲು ಆಕ್ಸಿಜನ್ ಸಿಲಿಂಡರ್ ಹಾಕಿಸ್ಕೊಳ್ಳಿ ಅಜ್ಜಾ. ಜಗಳ ಆಮೇಲೆ."

ನಿನ್ನೆ ಬೆಳಿಗ್ಗೆ ಆ ಬೀದಿಯ ಹೆಸರು ಬಂದಾಗ ಅವಳು ನೀಲಿ ಗುಂಡಿ ಒತ್ತಿ ಚಹಾ ಕುಡಿಯಲು ಎದ್ದಳು. ಅಜ್ಜನ ನೆನಪೇ ಆಗಲಿಲ್ಲ. ನೆನಪಿಸುತ್ತಿದ್ದದ್ದು ಆ ಪುಟ; ಬ್ರೌಸರಿನಲ್ಲಿ ಅದು ಇರಲೇ ಇಲ್ಲ.

ಇವತ್ತು ಸಂಜೆ ಅವಳು ಅಜ್ಜನ ಸಾವಿನ ಮನೆಗೆ ಹೋದಳು. ಅಜ್ಜನ ಮಗಳು ರಬಾಬ್ ಸಾವಿನ ಮನೆಯ ರೂಢಿಯಂತೆ ಸಕ್ಕರೆಯಿಲ್ಲದ ಕಾಫಿ ಕೊಟ್ಟು ಪಕ್ಕದಲ್ಲೇ ಕುಳಿತಳು.

"ಮೀನು ತರೋಣಾಂತ ಹೋಗಿದ್ದೆ, ಅಕ್ಕಾ. ಹೋಗೋ ಮುಂಚೆ ಗುಡಿಸುವಾಗ ಫೋನನ್ನ ಕಿಟಕಿ ಹತ್ರ ಇಟ್ಟೆ. ಮತ್ತೆ ಮಂಚದ ಹತ್ರ ಇಡೋದು ಮರೆತೆ. ಬಂದು ನೋಡಿದ್ರೆ ನೆಲದ ಮೇಲೆ ಬಿದ್ದಿದ್ರು. ನೀವು ಫೋನ್ ಮಾಡಿದ್ದು ಕೇಳಿಸಿ ಎದ್ದಿರಬೇಕು. ಅಲ್ವಾ? ನಾನು ಅಲ್ಲಿಡದೆ ಇದ್ದಿದ್ರೆ..."

ಸುತ್ತ ಕುಳಿತಿದ್ದ ಹೆಂಗಸರು ಇತ್ತ ತಿರುಗಿದರು. ಹೌದು ಎಂದರೆ ಮುಗಿಯುತ್ತಿತ್ತು.

"ನಾನು ಫೋನ್ ಮಾಡ್ಲೇ ಇಲ್ಲ, ರಬಾಬ್. ಯಾರೂ ಮಾಡ್ಲಿಲ್ಲ. ಆಫೀಸಿನವರು ಹೇಳಿದ್ದು ಸುಳ್ಳು. ತಪ್ಪು ನಮ್ಮದು, ನಂದು."

ರಬಾಬ್ ಅವಳ ಮುಖವನ್ನೇ ನೋಡಿದಳು, ಮಾತು ಅರ್ಥವಾಗದವಳಂತೆ. ಆಮೇಲೆ ಅವಳ ಕೈಯಿಂದ ಇನ್ನೂ ಬಿಸಿಯಿದ್ದ ಕಾಫಿ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಹಳ ಹೊತ್ತು ಹರಿಯಿತು. ಯಾರೂ ಇಂತಿಸಾರಳನ್ನು ಏಳು ಎನ್ನಲಿಲ್ಲ, ಕೂತಿರು ಎಂದೂ ಅನ್ನಲಿಲ್ಲ.