ದನಿಯ ಫೋಲ್ಡರ್

"ನೋಡಿ ಒತ್ತಿ ಅಂತ ಎಷ್ಟು ಸಲ ಬಡ್ಕೊಂಡೆ ಸರ್ ನಿಮಗೆ?" ಮೌನ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದಳು. ಹೆಸರು ಮಾತ್ರ ಮೌನ. ಹಳೆಯ ಕನ್ನಡ ಸಿನಿಮಾಗಳ ರೀಲುಗಳನ್ನು ಕಂಪ್ಯೂಟರಿಗೆ ಇಳಿಸುವ, ಚೆನ್ನೈನ ಕೋಡಂಬಾಕ್ಕಂನ ಆ ಮಹಡಿ ಕೋಣೆಯಲ್ಲಿ ಅವಳು ಇಷ್ಟು ಜೋರಾಗಿ ಎಂದೂ ಕೂಗಿರಲಿಲ್ಲ.

ಸಿದ್ಧಲಿಂಗೇಶ್ ಪರದೆಯಿಂದ ಕಣ್ಣು ಕೀಳಲಿಲ್ಲ. ಅವಳ ಮೇಲಧಿಕಾರಿ, ಮೌಸ್ ಮುಟ್ಟದೆ, ಕಪ್ಪು ಕಿಟಕಿಯಲ್ಲಿ ಕಮಾಂಡ್ ಬರೆದೇ ಕೆಲಸ ಮುಗಿಸುತ್ತೇನೆಂಬ ಜಂಬದವನು. ಬರೆಯುವುದೂ ಅವನಿಗೆ ದಂಡ. ಮೇಲ್ಬಾಣದ ಕೀ ಒತ್ತಿದರೆ ಹಿಂದಿನ ಕಮಾಂಡ್ ತಾನಾಗಿ ಬರುತ್ತದೆ, ಓದದೆ ಎಂಟರ್ ಬಡಿದರಾಯಿತು. ಮೌನ ಹಾಗಲ್ಲ. ಅಳಿಸುವ ಮುಂಚೆ ಆ ಕಮಾಂಡಿನ ಜಾಗದಲ್ಲಿ, ಬರೀ ಪಟ್ಟಿ ತೋರಿಸುವ 'ಎಲ್‌ಎಸ್' ಎಂದು ಬರೆದು, ಯಾವ ಫೈಲುಗಳು ಹೋಗಲಿವೆ ಎಂದು ನೋಡಿಯೇ ಮುಂದಿನ ಮಾತು. "ಅಕ್ಕಿ ಆರಿಸ್ತಾ ಇದ್ದೀಯೇನಮ್ಮಾ?" ಎಂದು ಅವನು ಎಲ್ಲರೆದುರು ನಗುತ್ತಿದ್ದ.

ಇವತ್ತು ಕಸದ ಫೈಲುಗಳನ್ನು ಅಳಿಸಿದ ಕಮಾಂಡನ್ನೇ, ತಾನೀಗ ಧ್ವನಿಯ ಫೋಲ್ಡರಿನಲ್ಲಿರುವುದನ್ನು ನೋಡದೆ ಮತ್ತೆ ಬಡಿದಿದ್ದ. ಇಡೀ ಚಿತ್ರದ ಧ್ವನಿ ಹೋಯಿತು. ಹೋದದ್ದೂ ಗೊತ್ತಾಗದೆ ಅದೇ ಡಿಸ್ಕಿಗೆ ಇನ್ನೊಂದು ಚಿತ್ರ ತುಂಬಿಸಿದ. ಇನ್ನು ವಾಪಸ್ ತರುವ ದಾರಿಯಿಲ್ಲ. ಕೊಳೆತು ಹುಳಿ ವಾಸನೆ ಹಿಡಿದಿದ್ದ ಮೂಲ ರೀಲನ್ನು ಎಸೆದಾಗಿತ್ತು. ಎರಡನೇ ಪ್ರತಿ ಮಾಡಿಡಲು ಈ ಸಾಹೇಬರಿಗೆ ಪುರುಸೊತ್ತಿರಲಿಲ್ಲ.

"ಸರಿ ವಿಡು. ಸೌಂಡು ಮೊದಲೇ ಕೆಟ್ಟುಹೋಗಿತ್ತು ಅಂತ ಹೇಳೋಣ," ಎಂದ ಸಿದ್ಧಲಿಂಗೇಶ್, ಎಂದಿನಂತೆ ತಮಿಳು ಬೆರೆಸಿ. "ಆ ಅಮ್ಮಂಗೆ ಏನು ಗೊತ್ತಾಗುತ್ತೆ?"

ಆ ಅಮ್ಮ ಚಂದ್ರಮತಿ. ಚಿತ್ರದ ನಾಯಕಿಗೆ ಕನ್ನಡ ಬರುತ್ತಿರಲಿಲ್ಲ. ಅವಳ ಒಂದೊಂದು ಮಾತನ್ನೂ ಆಡಿದವರು ಇವರು. ತೆರೆಯ ಮೇಲೆ ಇವರ ಹೆಸರು ಹಾಕಿರಲಿಲ್ಲ, ಮತ್ತೊಂದು ಚಿತ್ರ ಸಿಗಲೂ ಇಲ್ಲ. ಆ ದನಿಯನ್ನು ಒಮ್ಮೆ ಕೇಳಬೇಕೆಂದು ಪುರಸೈವಾಕ್ಕಂನಿಂದ ಆಟೋ ಹಿಡಿದು ಹೊರಟಿದ್ದರು. ಅವರಿಗೆ ಸುಳ್ಳು ಹೇಳಬೇಕಂತೆ! ಮೌನಳ ಮೈ ಉರಿದುಹೋಯಿತು.

ಚಂದ್ರಮತಿ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದರು. ರೇಷ್ಮೆ ಸೀರೆ ಉಟ್ಟಿದ್ದರು. ಸಿದ್ಧಲಿಂಗೇಶ್ ಬಾಯಿ ತೆರೆಯುವ ಮೊದಲೇ ಮೌನ ಹೇಳಿಬಿಟ್ಟಳು.

"ಅಮ್ಮಾ, ನಿಮ್ಮ ದನೀನ ಇವರು ಅಳಿಸಿಬಿಟ್ರು. ಚೆನ್ನಾಗೇ ಇತ್ತು, ನಾನೇ ಕೇಳಿದ್ದೆ. ನೋಡದೆ ಅಳಿಸಿದ್ರು."

"ಏಯ್! ಬಾಯಿ ಮುಚ್ಚು!" ಸಿದ್ಧಲಿಂಗೇಶ್ ಅವಳ ಮೇಲೆ ಹರಿಹಾಯ್ದು, ತಕ್ಷಣ ಮುದುಕಿಯತ್ತ ಹಲ್ಲು ಕಿರಿದ. "ಪಿಕ್ಚರು ಪೂರ್ತಿ ಸೇಫಾಗಿದೆ ಅಮ್ಮಾ. ಒಂದು ಫ್ರೇಮೂ ಹೋಗಿಲ್ಲ. ಪಾರುಂಗೋ, ನೋಡಿ." ಚಿತ್ರವನ್ನು ಓಡಿಸಿಯೇಬಿಟ್ಟ.

ಚಂದ್ರಮತಿ ನಿಂತೇ ನೋಡಿದರು.

"ಇದರಲ್ಲಿ ನಾನೆಲ್ಲಿದೀನಪ್ಪಾ?"

ಅವನು ಕತ್ತು ಕೆರೆದುಕೊಂಡ.

"ಕೇಳ್ತಿರೋದು ನಿನ್ನನ್ನೇ. ತೋರಿಸು. ಎಲ್ಲಿದೀನಿ?"

ಚಂದ್ರಮತಿ ಬೆನ್ನು ತಿರುಗಿಸಿ ಮೆಟ್ಟಿಲ ಕಡೆ ನಡೆದರು. ಮೌನ ಓಡಿಹೋಗಿ ತೋಳು ಹಿಡಿದಳು. ಹಿಂದೆ ಪರದೆಯ ಮೇಲೆ ನಾಯಕಿ ಮಲ್ಲಿಗೆ ಮುಡಿಯುತ್ತಾ ಬಾಯಿ ತೆರೆದು ಮುಚ್ಚುತ್ತಿದ್ದಳು.